ಜೀಪಿನ ತಗಡಿಗೆ ಮಿಗ್ ಮಷಿನ್ನೇ ಸರಿ
ಸರ್, ಹಳೇ ಜೀಪಿನ ತುಕ್ಕು ಹಿಡಿದ ಫ್ಲೋರ್‌ಗೆ ಪ್ಯಾಚ್ ಹಾಕಲು, ಕ್ಯಾರಿಯರ್ ಮಾಡಲು 200 ಆಂಪ್ ಆರ್ಕ್ ಮಷಿನ್ (ರಾಡ್ ಹಿಡಿದು ವೆಲ್ಡಿಂಗ್ ಮಾಡುವಂಥದ್ದು) ಸಾಕೇ ಎಂದು ಕೇಳಿದ್ದೀರಿ. ಕ್ಯಾರಿಯರ್‌ಗೆ ಧಾರಾಳ ಸಾಕು. ಫ್ಲೋರ್ ತಗಡು 1 ಮಿ.ಮೀ. ಆಸುಪಾಸು, 2.5 ಮಿ.ಮೀ. ರಾಡ್ ಇಟ್ಟರೆ ತೂತೇ ಬೀಳುತ್ತದೆ. ಅದಕ್ಕೆ ಸಿಂಗಲ್ ಫೇಸ್ ಮಿಗ್ (ರಾಡ್ ಬದಲು ಸಣ್ಣ ವೈರ್ ತಾನೇ ಬರುತ್ತಾ, ಗ್ಯಾಸ್ ರಕ್ಷಣೆಯಲ್ಲಿ ಬೆಸೆಯುವ ಮಷಿನ್) ತಗೊಳ್ಳಿ, 0.8 ಮಿ.ಮೀ. ವೈರ್, ಆರ್ಗಾನ್-ಸಿಒ2 ಮಿಕ್ಸ್ ಗ್ಯಾಸ್. ಉದ್ದಕ್ಕೆ ಎಳೆಯಬೇಡಿ: ಒಂದು ಚುಕ್ಕೆ, ಎರಡು ಇಂಚು ಬಿಟ್ಟು ಇನ್ನೊಂದು, ತಣ್ಣಗಾದ ಮೇಲೆ ನಡುವೆ ತುಂಬಿ. ಸೆಕೆ ಅಂತ ಪಕ್ಕದಲ್ಲಿ ಫ್ಯಾನ್ ಇಟ್ಟರೆ ಗ್ಯಾಸ್ ಹಾರಿಹೋಗಿ ಬೆಸುಗೆಯ ತುಂಬೆಲ್ಲ ಸಣ್ಣ ಸಣ್ಣ ರಂಧ್ರ. ಡ್ಯೂಟಿ ಸೈಕಲ್ (ಹತ್ತು ನಿಮಿಷದಲ್ಲಿ ಮಷಿನ್ ಎಷ್ಟು ಹೊತ್ತು ಬೆಸೆಯಬಲ್ಲದು ಎಂಬುದು) ಅಂಕಿ ಸಾಮಾನ್ಯವಾಗಿ 40 ಡಿಗ್ರಿಗೆ ಕೊಟ್ಟದ್ದು. ಕಲಬುರಗಿಯ ಮೇ ಬಿಸಿಲು ಅದನ್ನೂ ದಾಟುತ್ತದೆ, ಬೆಳಿಗ್ಗೆಯೇ ಕೆಲಸ ಮುಗಿಸಿ. ಬ್ಯಾಟರಿ ತಂತಿ ಬಿಚ್ಚದೆ ಮಾತ್ರ ಶುರು ಮಾಡಲೇಬೇಡಿ.