ಓದುಗರ ಪ್ರಶ್ನೆ: ಬಡತನವೋ, ವರ್ಣಭೇದವೋ?

ಪ್ರಶ್ನೆ: ದಕ್ಷಿಣ ಆಫ್ರಿಕಾದ ಕಪ್ಪು ಜನರ ಮಕ್ಕಳು ವಿದ್ಯೆಯಲ್ಲಿ ಹಿಂದುಳಿದದ್ದಕ್ಕೆ ಬಡತನವೇ ಕಾರಣವಿರಬಹುದಲ್ಲವೇ? ಎಲ್ಲವನ್ನೂ ವರ್ಣಭೇದ ನೀತಿಯ ತಲೆಗೆ ಕಟ್ಟುವುದು ಸರಿಯೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಬಡತನವಿತ್ತು, ನಿಜ. ಆದರೆ ಆ ದೇಶದಲ್ಲಿ ಬಡ ಬಿಳಿಯರೂ ಇದ್ದರು. ಅವರ ಮಕ್ಕಳಿಗೆ ಶಿಕ್ಷಣ ಕಡ್ಡಾಯವಾಗಿತ್ತು ಮತ್ತು ಅದರ ಖರ್ಚನ್ನು ಸರ್ಕಾರವೇ ಹೊರುತ್ತಿತ್ತು. ಹಾಗಾಗಿ ಬಡತನವೊಂದನ್ನೇ ಕಾರಣವೆಂದು ಒಪ್ಪಲಾಗದು.

ಕಪ್ಪು ಮಕ್ಕಳ ಶಾಲೆಗಳಲ್ಲಿ ಬಹುಪಾಲನ್ನು ಸರ್ಕಾರದ ಅನುದಾನ ಪಡೆದು ಕ್ರೈಸ್ತ ಮಿಷನ್ನುಗಳು ನಡೆಸುತ್ತಿದ್ದವು. 1953ರ ಬಾಂಟು (ಕಪ್ಪು ಜನರಿಗೆ ಸರ್ಕಾರ ಬಳಸುತ್ತಿದ್ದ ಹೆಸರು) ಶಿಕ್ಷಣ ಕಾಯ್ದೆ ಅವುಗಳ ಮೇಲಿನ ಹಿಡಿತವನ್ನು ಶಿಕ್ಷಣ ಇಲಾಖೆಗಲ್ಲ, ಮೂಲನಿವಾಸಿಗಳ ವ್ಯವಹಾರ ನೋಡಿಕೊಳ್ಳುವ ಇಲಾಖೆಗೆ ಒಪ್ಪಿಸಿತು. ಅದರ ಸಚಿವ ಹೆಂಡ್ರಿಕ್ ವೆರ್‌ವುರ್ಡ್ ಏನನ್ನೂ ಮುಚ್ಚಿಡಲಿಲ್ಲ. ಕೆಲವು ಬಗೆಯ ಕೂಲಿ ಕೆಲಸಕ್ಕಿಂತ ಮೇಲೆ ಬಿಳಿಯರ ಸಮಾಜದಲ್ಲಿ ಕಪ್ಪು ಮನುಷ್ಯನಿಗೆ ಜಾಗವಿಲ್ಲವೆಂದೂ, ಬಳಕೆಗೆ ಬಾರದ ಗಣಿತವನ್ನು ಆ ಮಗುವಿಗೆ ಕಲಿಸಿ ಏನು ಪ್ರಯೋಜನವೆಂದೂ ಸಂಸತ್ತಿನಲ್ಲೇ ಹೇಳಿದರು. ಮಗು ಮುಂದೆ ಏನಾಗಬೇಕೆಂಬುದನ್ನು ಮೊದಲೇ ಗೊತ್ತುಮಾಡಿ, ಅದಕ್ಕೆ ತಕ್ಕಂತೆ ಪಠ್ಯವನ್ನೂ ಹಣವನ್ನೂ ಅಳೆದುಕೊಟ್ಟ ನೀತಿ ಇದು.

ಹಣದ ವಿಷಯವನ್ನೇ ನೋಡಿ. ಖಜಾನೆಯಿಂದ ಬರುವ ಮೊತ್ತವನ್ನು 1955ರಿಂದ ಒಂದು ಮಿತಿಯಲ್ಲಿ ನಿಲ್ಲಿಸಿ, ಮಿಕ್ಕದ್ದನ್ನು ಕಪ್ಪು ಜನರೇ ಕಟ್ಟುವ ತೆರಿಗೆಯಿಂದ ತುಂಬಿಸಿಕೊಳ್ಳಬೇಕೆಂದು ಕಟ್ಟು ಮಾಡಲಾಯಿತು. ಮಕ್ಕಳ ಸಂಖ್ಯೆ ಏರುತ್ತಲೇ ಹೋದದ್ದರಿಂದ ಅನೇಕ ಶಾಲೆಗಳಲ್ಲಿ ಒಬ್ಬರೇ ಶಿಕ್ಷಕರು ಒಂದೇ ಕೋಣೆಯಲ್ಲಿ ದಿನಕ್ಕೆ ಎರಡು ಪಾಳಿಯ ಮಕ್ಕಳಿಗೆ ಪಾಠ ಹೇಳಬೇಕಾಯಿತು. 1975–76ರ ಹೊತ್ತಿಗೆ ಸರ್ಕಾರ ವರ್ಷಕ್ಕೆ ಬಿಳಿಯ ವಿದ್ಯಾರ್ಥಿಗೆ ತಲಾ 644 ರ‍್ಯಾಂಡ್, ಕಪ್ಪು ವಿದ್ಯಾರ್ಥಿಗೆ 42 ರ‍್ಯಾಂಡ್ ಖರ್ಚು ಮಾಡುತ್ತಿತ್ತು. ಇಂಥ ಅಂತರವನ್ನು ಬಡತನದ ಲೆಕ್ಕಕ್ಕೆ ಬರೆಯುವುದು ಹೇಗೆ?

ವಿಶ್ವವಿದ್ಯಾಲಯಗಳ ಸರದಿ 1959ರಲ್ಲಿ ಬಂತು. ಕೇಪ್‌ಟೌನ್‌ನಂಥ ವಿಶ್ವವಿದ್ಯಾಲಯಕ್ಕೆ ಸೇರಲು ಬಿಳಿಯರಲ್ಲದವರು ಸಚಿವರ ಅನುಮತಿ ಪಡೆಯಬೇಕಾಯಿತು. ಭಾರತೀಯ ಮೂಲದವರಿಗೆಂದು 1961ರಲ್ಲಿ ಡರ್ಬನ್ ಬಂದರಿನ ಸ್ಯಾಲಿಸ್ಬರಿ ದ್ವೀಪದಲ್ಲಿ, ನೌಕಾಪಡೆ ಬಿಟ್ಟುಹೋದ ಕಟ್ಟಡಗಳಲ್ಲಿ, ಪ್ರತ್ಯೇಕ ಕಾಲೇಜು ತೆರೆಯಲಾಯಿತು. ಗಣಿತವನ್ನೂ ಸಮಾಜ ವಿಜ್ಞಾನವನ್ನೂ ಡಚ್ ಮೂಲದ ಬಿಳಿಯರ ಆಫ್ರಿಕಾನ್ಸ್ ಭಾಷೆಯಲ್ಲೇ ಕಲಿಯಬೇಕೆಂಬ ಆದೇಶದ ವಿರುದ್ಧ 1976ರ ಜೂನ್ 16ರಂದು ಜೊಹಾನ್ಸ್‌ಬರ್ಗ್ ಪಕ್ಕದ ಕಪ್ಪು ಜನರ ಬಡಾವಣೆ ಸೊವೆಟೊದ ಮಕ್ಕಳು ಬೀದಿಗಿಳಿದಾಗ ಪೊಲೀಸರು ಗುಂಡು ಹಾರಿಸಿದ್ದು ನಿಮಗೂ ತಿಳಿದಿರಬಹುದು.

ಬಾಂಟು ಶಿಕ್ಷಣ ಕಾಯ್ದೆ ರದ್ದಾದ ಮಾತ್ರಕ್ಕೆ ಅದರ ಪರಿಣಾಮ ತೊಲಗಲಿಲ್ಲ. ಆ ಶಾಲೆಗಳಲ್ಲಿ ಅರೆಬರೆ ಕಲಿತವರೇ ಮುಂದಿನ ತಲೆಮಾರಿಗೆ ಶಿಕ್ಷಕರಾಗಬೇಕಾಯಿತು. 1996ರ ಶಾಲಾ ಕಾಯ್ದೆ ಬಣ್ಣದ ಅಡ್ಡಿಯನ್ನು ತೆಗೆದರೂ ಶುಲ್ಕ ನಿಗದಿ ಮಾಡುವ ಅವಕಾಶವನ್ನು ಶಾಲೆಗಳ ಆಡಳಿತ ಮಂಡಳಿಗಳಿಗೆ ಕೊಟ್ಟಿತು. ಹಿಂದೆ ಬಿಳಿಯರಿಗೆಂದೇ ಕಟ್ಟಿದ್ದ ಸುಸಜ್ಜಿತ ಶಾಲೆಗಳಿಗೆ ಈಗ ಹಣವಿರುವ ಕಪ್ಪು ಕುಟುಂಬದ ಮಗುವೂ ಹೋಗುತ್ತದೆ. ಹಣವಿಲ್ಲದ ಮಗುವಿಗೆ ಅಲ್ಲಿ ಅಡ್ಡವಾಗುವುದು ಬಹುಮಟ್ಟಿಗೆ ನೀವು ಹೇಳಿದ ಬಡತನವೇ. ಆ ಮಟ್ಟಿಗೆ ನಿಮ್ಮ ಮಾತನ್ನು ಒಪ್ಪುತ್ತೇನೆ.