ಅವಧಿಗೆ ಮೊದಲೇ ಹುಟ್ಟಿದ ಮಗುವಿಗೆ ಉಸಿರಾಟದ ತೊಂದರೆ: ಸಿಪ್ಯಾಪ್ ಸಾಕಾ, ವೆಂಟಿಲೇಟರೇ ಬೇಕಾ?

ಅಕ್ಕನ ಮಗುವನ್ನು ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಕರೆತಂದಾಗ ನಾವೂ ಇದನ್ನೇ ಕೇಳಿದ್ದೆವು. 32 ವಾರಕ್ಕೇ ಹುಟ್ಟಿತ್ತು. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು.

ಇಂಥ ಮಕ್ಕಳ ಶ್ವಾಸಕೋಶದಲ್ಲಿ ಸರ್ಫ್ಯಾಕ್ಟೆಂಟ್, ಅಂದರೆ ಗಾಳಿಚೀಲಗಳನ್ನು ತೆರೆದಿಡುವ ಲೇಪ, ಕಡಿಮೆ. ಹಾಗಾಗಿ ಉಸಿರು ಬಿಟ್ಟಾಗ ಗಾಳಿಚೀಲಗಳು ಮುಚ್ಚಿಕೊಳ್ಳುತ್ತವೆ. ಮಗು ತಾನೇ ಉಸಿರಾಡುತ್ತಿದ್ದರೆ ಮೊದಲು ಸಿಪ್ಯಾಪ್. ಅಂದರೆ ಮೂಗಿನ ಮೂಲಕ ಸದಾ ಹಗುರ ಒತ್ತಡದ ಗಾಳಿ. ಬಬಲ್ ಸಿಪ್ಯಾಪ್‌ನಲ್ಲಿ ಕೊಳವೆಯ ಇನ್ನೊಂದು ತುದಿ ನೀರಿನ ಬಾಟಲಿಯಲ್ಲಿ 5 ಸೆಂಟಿಮೀಟರ್ ಮುಳುಗಿದ್ದರೆ ಒತ್ತಡವೂ 5 ಸೆಂಟಿಮೀಟರ್ ನೀರಿನಷ್ಟೇ. ಗುಳುಗುಳು ಸದ್ದು ನಿಂತರೆ ಹೆಚ್ಚಾಗಿ ಎಲ್ಲೋ ಗಾಳಿ ಸೋರುತ್ತಿದೆ ಅಂತ, ತಕ್ಷಣ ನರ್ಸ್‌ಗೆ ಹೇಳಿ. ಗಂಟಲಿಗೆ ಕೊಳವೆ ಹಾಕಬೇಕಿಲ್ಲ, ಎಳೆಯ ಶ್ವಾಸಕೋಶಕ್ಕೆ ಪೆಟ್ಟೂ ಕಡಿಮೆ. ಅದೇ ದೊಡ್ಡ ಲಾಭ ಅಲ್ವಾ?

ಉಸಿರು ಪದೇ ಪದೇ ನಿಂತರೆ, ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾದರೆ ವೆಂಟಿಲೇಟರ್ ಬೇಕೇ ಬೇಕು. ಅದರಲ್ಲೂ ಬರೀ ಒತ್ತಡ ನಿಗದಿ ಮಾಡುವುದಕ್ಕಿಂತ, ಪ್ರತಿ ಉಸಿರಿಗೆ ಇಷ್ಟೇ ಗಾಳಿ ಎಂದು ಅಳೆದು ಕೊಡುವ ವಿಧಾನ ಒಳ್ಳೆಯದು. ಶ್ವಾಸಕೋಶದಿಂದ ಗಾಳಿ ಸೋರುವ ಅಪಾಯ ತಗ್ಗುತ್ತದೆ. ನಿಮಿಷಕ್ಕೆ ನೂರಾರು ಸಣ್ಣ ಕಂಪನ ಕೊಡುವ ಎಚ್‌ಎಫ್‌ಒವಿ ಎಂಬ ವೆಂಟಿಲೇಟರ್ ವಿಧಾನ ಸಾಮಾನ್ಯವಾಗಿ ಇದೂ ಸಾಲದಾದಾಗ.

ನಮ್ಮ ಮಗುವಿಗೆ ಸಿಪ್ಯಾಪೇ ಸಾಕಾಯಿತು. ಇನ್ನೊಂದು ಮಾತು, ಮಳೆಗಾಲದಲ್ಲಿ ಘಟ್ಟದ ದಾರಿಯಲ್ಲಿ ತರುವಾಗ ಮಗುವಿನ ಮೈ ತಣ್ಣಗಾಗಲು ಬಿಡಬೇಡಿ. ಚಳಿ ಹಿಡಿದರೆ ಉಸಿರಾಟ ಇನ್ನೂ ಕೆಡುತ್ತದೆ.