ಅಜ್ಜಿಯ ಸಂಗೀತ ಪುಸ್ತಕದ ಅಂಕಿಗಳು

ಮಾನ್ಯರೇ,

ತೀರ್ಥಹಳ್ಳಿಯ ಸಮೀಪದಿಂದ ತಾವು ಬರೆದ ಪತ್ರವನ್ನು ಎರಡು ಬಾರಿ ಓದಿದೆ. ತಮ್ಮ ಅಜ್ಜಿಯವರು ಬಳಸುತ್ತಿದ್ದ ಕನ್ನಡ ಕ್ರೈಸ್ತ ಸಂಗೀತ ಪುಸ್ತಕದಲ್ಲಿ ಕೆಲವು ಹಾಡುಗಳ ಮೇಲೆ ರಾಗ ತಾಳಗಳ ಹೆಸರಿದೆ, ಕೆಲವುಗಳ ಮೇಲೆ 8.6.8.6 ಎಂಬಂಥ ಅಂಕಿಗಳಿವೆ, ಅಂಚಿನಲ್ಲಿ ಯಾರೋ ಪೆನ್ಸಿಲ್ಲಿನಿಂದ ಇಂಗ್ಲಿಷಿನ ಡಿ, ಆರ್, ಎಂ ಅಕ್ಷರಗಳನ್ನೂ ಜೋಡಿಚುಕ್ಕೆಗಳನ್ನೂ ಬರೆದಿದ್ದಾರೆ ಎಂದು ತಿಳಿಸಿದ್ದೀರಿ. ಸಭೆಯ ಯುವಕರು ಅಂಕಿಯ ಹಾಡುಗಳನ್ನು ಪರದೇಶದ ಎಳೆತವೆಂದು ಬದಿಗಿಡಬೇಕೆನ್ನುತ್ತಾರೆ, ತಮ್ಮ ತಾಯಿಯವರು ಅವನ್ನೇ ಕಣ್ಣುಮುಚ್ಚಿ ಹಾಡುತ್ತಾರೆ. ಹಾಗಾದರೆ ಇವು ನಮ್ಮ ಹಾಡುಗಳೇ, ಇವನ್ನು ಅಭ್ಯಾಸ ಮಾಡುವುದು ಹೇಗೆ ಎಂಬುದು ತಮ್ಮ ಪ್ರಶ್ನೆ.

ಮೊದಲು ಪೆನ್ಸಿಲ್ ಗುರುತುಗಳ ಮಾತು. ಅದು ಟಾನಿಕ್ ಸೋಲ್ಫಾ ಎಂಬ ಸ್ವರಲಿಪಿ. ಇಂಗ್ಲೆಂಡಿನ ಸಾರಾ ಗ್ಲೋವರ್ ರೂಪಿಸಿದ ಕ್ರಮವನ್ನು ಜಾನ್ ಕರ್ವೆನ್ 19ನೆಯ ಶತಮಾನದಲ್ಲಿ ಬೆಳೆಸಿದರು. ಮಿಷನರಿಗಳ ಮೂಲಕ ಅದು ದೂರದ ನಾಡುಗಳಿಗೂ ಹೋಯಿತು. ಡಿ ಎಂಬುದು ಹಾಡುವವರು ಹಿಡಿದ ಶ್ರುತಿಯ ಷಡ್ಜ. ಶ್ರುತಿ ಏರಿದರೆ ಅದೂ ಏರುತ್ತದೆ, ನಮ್ಮ ಸರಿಗಮದಂತೆಯೇ. ನಿಂತ ಗೀಟಿನ ಮುಂದಿನ ಸ್ವರಕ್ಕೆ ಒತ್ತು ಹೆಚ್ಚು, ಜೋಡಿಚುಕ್ಕೆಯ ಮುಂದಿನದಕ್ಕೆ ಕಡಿಮೆ, ಅಡ್ಡಗೀಟು ಬಂದರೆ ಹಿಂದಿನ ಸ್ವರವನ್ನೇ ಹಿಡಿದಿಡಬೇಕು. ಇಷ್ಟು ತಿಳಿದರೆ ಆ ಅಂಚನ್ನು ತಾವೇ ಓದಬಲ್ಲಿರಿ.

ಅಂಕಿಗಳ ವಿಚಾರ ಇದಕ್ಕಿಂತ ಗಹನವಾದುದು. 8.6.8.6 ಎಂದರೆ ಹಾಡಿನ ನುಡಿಯಲ್ಲಿ ಮೊದಲ ಸಾಲಿಗೆ ಎಂಟು ಅಕ್ಷರ, ಎರಡನೆಯದಕ್ಕೆ ಆರು, ಮತ್ತೆ ಎಂಟು, ಮತ್ತೆ ಆರು. ಈ ಲೆಕ್ಕ ಹೊಂದಿದರೆ ಒಂದು ಹಾಡಿನ ಮಾತನ್ನು ಇನ್ನೊಂದರ ಧಾಟಿಗೆ ಕೂರಿಸಬಹುದು. ಯಕ್ಷಗಾನದ ಭಾಗವತರು ತಮಗೆ ತಿಳಿದ ಧಾಟಿಗೆ ಹೊಸ ಪದವನ್ನು ಕೂರಿಸಿ ಹಾಡುವಂತೆಯೇ ಇದು. ಐಸಾಕ್ ವಾಟ್ಸ್, ಚಾರ್ಲ್ಸ್ ವೆಸ್ಲಿ ಮೊದಲಾದವರು ಇಂಗ್ಲಿಷಿನಲ್ಲಿ ಸಾವಿರಾರು ಗೀತಗಳನ್ನು ಇಂಥ ಅಳತೆಗಳಲ್ಲಿ ಬರೆದರು. ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ವೆಸ್ಲಿಯನ್ ಮಿಷನ್ನಿನವರೊಂದಿಗೆ ಈ ಅಳತೆ ನಮ್ಮ ಕಡೆಗೂ ಬಂದಿತು.

ತೊಡಕು ಇರುವುದು ಇಲ್ಲಿಯೇ. ಇಂಗ್ಲಿಷು ಅಕ್ಷರಗಳನ್ನೂ ಒತ್ತನ್ನೂ ಎಣಿಸುವ ಭಾಷೆ. ಕನ್ನಡದ ಹಾಡು ಎಣಿಸುವುದು ಮಾತ್ರೆಯನ್ನು, ಅಂದರೆ ಅಕ್ಷರವನ್ನು ನುಡಿಯಲು ಹಿಡಿಯುವ ಕಾಲವನ್ನು. ಒಂದು ಮಾತ್ರೆಯ ಅಕ್ಷರ ಲಘು, ಎರಡು ಮಾತ್ರೆಯದು ಗುರು. ‘ಕರುಣಿಸು’ ಎಂಬ ಮಾತಿನಲ್ಲಿ ನಾಲ್ಕು ಅಕ್ಷರ, ನಾಲ್ಕು ಮಾತ್ರೆ. ‘ಕಾಪಾಡು’ ಎಂಬುದರಲ್ಲಿ ಮೂರೇ ಅಕ್ಷರ, ಆದರೆ ಐದು ಮಾತ್ರೆ. ಅಕ್ಷರವನ್ನಷ್ಟೇ ಎಣಿಸಿ ಅನುವಾದ ಮಾಡಿದವರು ಎಂಟು ಅಕ್ಷರ ತುಂಬಿಸಿದ್ದಾರೆ, ಆದರೆ ಲಘು ಬರಬೇಕಾದಲ್ಲಿ ಗುರು, ಗುರು ಬರಬೇಕಾದಲ್ಲಿ ಲಘು ಬಿದ್ದಿದೆ. ಧಾಟಿಯು ‘ಕೊಡು’ ಎಂಬ ಮಾತಿನ ಮೊದಲ ಅಕ್ಷರವನ್ನು ಹಿಗ್ಗಿಸಿದರೆ ಕೇಳುವವರ ಕಿವಿಗೆ ‘ಕೋಡು’ ಬೀಳುತ್ತದೆ. ‘ಪದ’ವು ‘ಪಾದ’ವಾಗುತ್ತದೆ, ‘ಮನ’ವು ‘ಮಾನ’ವಾಗುತ್ತದೆ. ಇದಲ್ಲದೆ ಇಂಗ್ಲಿಷಿನ ಅನೇಕ ಧಾಟಿಗಳು ಒತ್ತಿಲ್ಲದ ಸ್ವರದಿಂದ ಆರಂಭವಾಗುತ್ತವೆ. ಕನ್ನಡದ ಮಾತಿಗೋ ಬಲವೆಲ್ಲ ಮೊದಲ ಅಕ್ಷರದಲ್ಲಿ. ನಮ್ಮ ಹಳೆಯ ಕವಿಗಳು ಪ್ರಾಸವನ್ನೂ ಸಾಲಿನ ಎರಡನೆಯ ಅಕ್ಷರದಲ್ಲಿ ಇಟ್ಟರು. ಆ ಗೀತಗಳ ಪ್ರಾಸವಾದರೋ ಸಾಲಿನ ಕೊನೆಯದು.

ಇದು ಆ ಕಾಲದ ಎಲ್ಲರಿಗೂ ತಿಳಿಯದ ಸಂಗತಿಯಾಗಿರಲಿಲ್ಲ. 1836ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ ‘ಜೈಮಿನಿ ಭಾರತ’ವನ್ನೂ ದಾಸರ ಪದಗಳನ್ನೂ ಅಚ್ಚಿಗೆ ತಂದವರು. 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ ನಿಘಂಟಿನಿಂದಲೇ ನಮಗೆ ಪರಿಚಿತರು, ಆದರೆ 1894ರ ಆ ನಿಘಂಟಿಗೆ ಮೂರು ದಶಕ ಮೊದಲೇ, 1862ರಲ್ಲಿ, ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೇಳುವ ‘ಕಥಾಮಾಲೆ’ಯನ್ನು ಪ್ರಕಟಿಸಿದ್ದರು; 1875ರಲ್ಲಿ ನಾಗವರ್ಮನ ಛಂದಶ್ಶಾಸ್ತ್ರ ಗ್ರಂಥ ‘ಛಂದೋಂಬುಧಿ’ಯನ್ನು ಸಂಪಾದಿಸಿದರು. ಪರದೇಶದಿಂದ ಬಂದವರೊಬ್ಬರು ಲಘು ಗುರುಗಳಿಗೆ ಇಷ್ಟು ಕಿವಿಗೊಟ್ಟಿದ್ದರೆಂಬುದು ನನಗೆ ಈಗಲೂ ಮನಮುಟ್ಟುವ ಸಂಗತಿ. ಸತ್ಯವೇದದ 150 ಸ್ತೋತ್ರಗಳ ಗ್ರಂಥಕ್ಕೆ ಕನ್ನಡದಲ್ಲಿ ‘ಕೀರ್ತನೆಗಳು’ ಎಂಬ ಹೆಸರು ನಿಂತದ್ದನ್ನೂ ಗಮನಿಸಿರಿ; ಅದು ದಾಸರ ಮಾತು.

ಆದುದರಿಂದ ರಾಗದ ಹೆಸರಿರುವ ಹಾಡು ನಮ್ಮದು, ಅಂಕಿಯಿರುವ ಹಾಡು ಅವರದು ಎಂದು ಎರಡು ಗುಂಪು ಮಾಡಲು ನಾನು ಒಪ್ಪುವುದಿಲ್ಲ. ಧಾಟಿಗೆ ಅಂಥ ಕಟ್ಟುನಿಟ್ಟಾದ ಊರು ಇರುವುದಿಲ್ಲ. ಜರ್ಮನಿಯ ಸಂಗೀತಗಾರ ಬಾಖ್, ಸಂತ ಮತ್ತಾಯನ ಸುವಾರ್ತೆಯಂತೆ ಕ್ರಿಸ್ತನ ಯಾತನೆಯನ್ನು ಹಾಡುವ ತನ್ನ ಸಂಗೀತಕೃತಿಯಲ್ಲಿ ಮತ್ತೆ ಮತ್ತೆ ಬಳಸಿದ, ಕ್ರಿಸ್ತನ ಗಾಯಗೊಂಡ ಶಿರಸ್ಸನ್ನು ಕುರಿತ ಹಾಡಿನ ಧಾಟಿಯು ಮೂಲತಃ ಹಾಸ್ಲರ್ ಎಂಬಾತ 1601ರಲ್ಲಿ ಪ್ರಕಟಿಸಿದ ಒಂದು ಪ್ರೇಮಗೀತೆಯದು. ಶುಭಶುಕ್ರವಾರದ ಧಾಟಿಯೇ ಹೀಗೆ ಬೇರೆಡೆಯಿಂದ ಬಂದಿರುವಾಗ ನಾವು ಕೇಳಬೇಕಾದದ್ದು ಧಾಟಿ ಎಲ್ಲಿಂದ ಬಂತು ಎಂಬುದನ್ನಲ್ಲ, ಕನ್ನಡದ ಬಾಯಲ್ಲಿ ಅದು ಏನಾಯಿತು ಎಂಬುದನ್ನು.

ಯುವಕರು ದೂರುವ ಎಳೆತವನ್ನೂ ಈ ದೃಷ್ಟಿಯಿಂದ ಕೇಳಿರಿ. ಮಲೆನಾಡಿನ ಸಣ್ಣ ಸಭೆಗಳಲ್ಲಿ ಹಾರ್ಮೋನಿಯಂ ಇಲ್ಲದೆ ಹಾಡುವ ಹಿರಿಯರನ್ನು ನಾನು ಬಹಳ ಸಲ ಕೇಳಿದ್ದೇನೆ. ಅವರು ಎಲ್ಲೆಂದರಲ್ಲಿ ಎಳೆಯುವುದಿಲ್ಲ. ಧಾಟಿ ಓಡುವಲ್ಲಿ ಗುರು ಬಂದರೆ ನಿಲ್ಲುತ್ತಾರೆ, ಧಾಟಿ ನಿಲ್ಲುವಲ್ಲಿ ಲಘು ಬಂದರೆ ಅದನ್ನು ಚಿಕ್ಕದಾಗಿ ನುಡಿದು ಉಳಿದ ಹೊತ್ತನ್ನು ಮುಂದಿನ ಅಕ್ಷರಕ್ಕೆ ಜಾರಿಸುತ್ತಾರೆ. ಅನುವಾದಕರು ಬಿಟ್ಟ ಮಾತ್ರೆಯ ಲೆಕ್ಕವನ್ನು ಹಾಡುವವರ ಕೊರಳು ಸರಿಪಡಿಸಿಕೊಂಡಿದೆ ಎಂದೇ ನಾನು ನಂಬಿದ್ದೇನೆ. ಶಿವಮೊಗ್ಗದ ಪಕ್ಕದ ಹೊಸಹಳ್ಳಿಯಲ್ಲಿ ಗಮಕಿಗಳು ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ವಾಚಿಸುವಾಗ ಮೂರು ನಾಲ್ಕು ಮಾತ್ರೆಗಳ ನಡೆಯನ್ನು ಬಿಡದೆ, ಅರ್ಥ ಬೇಡುವಲ್ಲಿ ತಡೆದು, ಬೇಡದಲ್ಲಿ ಮುನ್ನಡೆಯುತ್ತಾರಲ್ಲ, ಆ ಕಿವಿಯೇ ತಮ್ಮ ತಾಯಿಯವರಲ್ಲಿಯೂ ಕೆಲಸಮಾಡುತ್ತಿರಬಹುದು. ಕೀಬೋರ್ಡಿನಲ್ಲಿ ಮೊದಲೇ ಹೊಂದಿಸಿದ ತಾಳಕ್ಕೆ ಅದೇ ಹಾಡನ್ನು ಕಟ್ಟಿದರೆ ‘ಕೋಡು’ ಮತ್ತೆ ಬಂದುಬಿಡುತ್ತದೆ.

ಕಥೋಲಿಕರ ಕಡೆಯ ಮಾತನ್ನು ತಾವು ಕೇಳಿಲ್ಲ, ಆದರೂ ಒಂದು ವಾಕ್ಯದಲ್ಲಿ ಹೇಳುತ್ತೇನೆ: 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಆರಾಧನಾವಿಧಿಯ ಶಾಸನವು ಲ್ಯಾಟಿನ್ನಿನೊಡನೆ ಜನರ ಭಾಷೆಗೂ ಬಲಿಪೂಜೆಯಲ್ಲಿ ಎಡೆಮಾಡಿಕೊಟ್ಟು, ಆಯಾ ಜನರ ಸಂಗೀತಕ್ಕೆ ತಕ್ಕ ಗೌರವ ಸಲ್ಲಬೇಕೆಂದಿತು, ಅಲ್ಲಿಯೂ ಮಾತ್ರೆಯ ಪ್ರಶ್ನೆ ಇದೇ.

ಅಭ್ಯಾಸವನ್ನು ಇಡೀ ಪುಸ್ತಕದಿಂದ ಆರಂಭಿಸಬೇಡಿ. ಅಂಕಿಯೂ ಪೆನ್ಸಿಲ್ ಗುರುತೂ ಎರಡೂ ಇರುವ ಒಂದೇ ಹಾಡನ್ನು ಆರಿಸಿಕೊಳ್ಳಿ. ಅದರ ಪ್ರತಿ ಅಕ್ಷರಕ್ಕೂ ಲಘು ಗುರು ಗುರುತು ಹಾಕಿ, ಕೆಳಗೆ ಪೆನ್ಸಿಲ್ಲಿನ ಸ್ವರಗಳನ್ನು ಬರೆಯಿರಿ. ಆಮೇಲೆ ತಾಯಿಯವರು ಅದನ್ನು ಹಾಡುವಾಗ ಮೊಬೈಲಿನಲ್ಲಿ ಧ್ವನಿಮುದ್ರಿಸಿ, ತಿದ್ದದೆ, ಶ್ರುತಿಯನ್ನು ಕೊಡದೆ, ಅವರು ಹಾಡಿದಂತೆಯೇ ಮೂರನೆಯ ಸಾಲಿನಲ್ಲಿ ಇಳಿಸಿರಿ. ಎರಡನೆಯ ಸಾಲಿಗೂ ಮೂರನೆಯ ಸಾಲಿಗೂ ವ್ಯತ್ಯಾಸ ಬಂದ ಜಾಗಗಳಲ್ಲಿ ಮೊದಲ ಸಾಲು ಏನು ಹೇಳುತ್ತದೆ ಎಂದು ನೋಡಿರಿ. ನನ್ನ ನಂಬಿಕೆ ಸರಿಯೋ ತಪ್ಪೋ ಅಲ್ಲಿಯೇ ತಿಳಿಯುತ್ತದೆ. ತಪ್ಪಾದರೆ ಅದನ್ನೂ ಬರೆದು ತಿಳಿಸಿರಿ. ರಾಗದ ಹೆಸರಿರುವ ಹಾಡೊಂದನ್ನೂ ಇದೇ ಪರೀಕ್ಷೆಗೆ ಒಡ್ಡುವುದು ಒಳ್ಳೆಯದು, ಏಕೆಂದರೆ ರಾಗದ ಹೆಸರು ಹೊತ್ತು ಮಾತ್ರೆ ತಪ್ಪಿದ ಹಾಡುಗಳೂ ಇವೆ.

ಪೆನ್ಸಿಲ್ ಗುರುತುಗಳು ಮಾಸಿ ಓದಲಾಗದಿದ್ದರೆ ಆ ಪುಟಗಳ ಚಿತ್ರಗಳನ್ನು ನಮ್ಮ ಕಚೇರಿಗೆ ಕಳುಹಿಸಿರಿ. ಪುಸ್ತಕವನ್ನು ಅಂಚೆಯಲ್ಲಿ ಹಾಕಬೇಡಿ. ಓದಲು ಸಾಧ್ಯವಾದಷ್ಟನ್ನು ಸರಿಗಮದಲ್ಲಿ ಬರೆದು ತಮಗೆ ಹಿಂದಿರುಗಿಸುತ್ತೇನೆ.

– ಸಂಪಾದಕ